ನೀರೊಳಗಣ ಪಾಷಾಣವೂ ಅದನ್ನರಿಯುವ ಸೂಕ್ಷ್ಮಜೀವಿಯೂ

ಅಮರಕೋಶವನ್ನು ಬಾಯಿಪಾಠ ಮಾಡಿದ ವಾಚಕರಿಗೆ ಒಂದು ವಿಚಿತ್ರವು ನೆನಪಿರಬಹುದು. ನೀರಿನ ಪರ್ಯಾಯನಾಮಗಳನ್ನು ಎಣಿಸುವಲ್ಲಿ ಅಮರಸಿಂಹನು ಅಮೃತವೆಂದೂ ಜೀವನವೆಂದೂ ಹೇಳುತ್ತಾನೆ. ಅವನೇ ಮುಂದೆ ನಾನಾರ್ಥವರ್ಗಕ್ಕೆ ಬಂದಾಗ ವಿಷವೆಂಬ ಶಬ್ದಕ್ಕೆ ನೀರೆಂಬ ಅರ್ಥವೂ ಉಂಟೆಂದು ತಿಳಿಸುತ್ತಾನೆ. ಪಾಠಶಾಲೆಯಲ್ಲಿ ಕುಳಿತು ಇದನ್ನು ಒಪ್ಪಿಸುವ ಹುಡುಗನಿಗೆ ಇದೊಂದು ಶಬ್ದಚಮತ್ಕಾರ ಮಾತ್ರ. ಆದರೆ ಗಂಗೆ ಬ್ರಹ್ಮಪುತ್ರೆಗಳು ಸಮುದ್ರವನ್ನು ಸೇರುವ ವಂಗದೇಶದಲ್ಲಿ, ಗಡಿಯ ಈಚೆಗೂ ಆಚೆಗೂ, ಕೋಟ್ಯಂತರ ಜನರ ಪಾಲಿಗೆ ಈ ಎರಡು ಅರ್ಥಗಳು ಒಂದೇ ಕೊಡದಲ್ಲಿ ತುಂಬಿಕೊಂಡಿವೆ. ಆ ಕೊಡದಲ್ಲಿರುವುದು ಜೀವನವೋ ವಿಷವೋ ಎಂಬುದನ್ನು ಹಳ್ಳಿಯಲ್ಲಿಯೇ, ಬಾವಿಯ ಕಟ್ಟೆಯ ಮೇಲೆಯೇ ನಿರ್ಣಯಿಸುವ ಒಂದು ಹೊಸ ವಿದ್ಯೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಾವು ಬಹುದಿನಗಳಿಂದ ಯೋಚಿಸುತ್ತಿದ್ದೆವು. ವಿಷಯವು ರಸಾಯನಶಾಸ್ತ್ರಜ್ಞರದೆಂದು ವಾಚಕರು ಪುಟವನ್ನು ಮಗುಚಬಾರದು. ಇದು ಕುಡಿಯುವ ನೀರಿನ ವಿಚಾರವಾದ್ದರಿಂದ ಎಲ್ಲರದೂ ಆಗಿದೆ.

ಮೊದಲು ಆ ದುರಂತದ ಪೂರ್ವಕಥೆಯನ್ನು ಹೇಳುವುದು ಅವಶ್ಯವು. ಬಂಗಾಲದ ಹಳ್ಳಿಗರು ಹಿಂದೆ ಕೆರೆಕುಂಟೆಗಳ ನೀರನ್ನು ಕುಡಿಯುತ್ತಿದ್ದರು. ಆ ನೀರು ವಾಂತಿಭೇದಿಯ ತವರು. ವರ್ಷವರ್ಷವೂ ಅಸಂಖ್ಯಾತ ಎಳೆಯ ಮಕ್ಕಳು ಅದಕ್ಕೆ ಬಲಿಯಾಗುತ್ತಿದ್ದರು. ಇದನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದ 1970ರ ದಶಕದಲ್ಲಿ ಬಾಂಗ್ಲಾದೇಶದ ಸರಕಾರವೂ ವಿಶ್ವಸಂಸ್ಥೆಯ ಮಕ್ಕಳ ನಿಧಿಯೂ ಕೊಳವೆ ಬಾವಿಗಳನ್ನು ತೋಡಿಸುವ ದೊಡ್ಡ ಕಾರ್ಯವನ್ನು ಕೈಕೊಂಡವು. ಕೈಯಿಂದ ಒತ್ತಿದರೆ ತಣ್ಣನೆಯ ತಿಳಿನೀರು ಮೇಲೆ ಬರುವುದು. ಅದರಲ್ಲಿ ರೋಗದ ಕ್ರಿಮಿಗಳು ಕಾಣಿಸವು. ಜನರು ಇದನ್ನು ವರವೆಂದು ತಿಳಿದು ತಮ್ಮ ಸ್ವಂತ ಹಣವನ್ನು ಹಾಕಿ ಮನೆಮನೆಯ ಅಂಗಳದಲ್ಲಿಯೂ ಬಾವಿಗಳನ್ನು ಇಳಿಸಿದರು. ವಾಂತಿಭೇದಿಯು ಇಳಿಮುಖವಾಯಿತು. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಉಂಟೋ ಇಲ್ಲವೋ ಎಂದು ನೋಡಬೇಕೆಂಬುದು ಆ ಕಾಲದಲ್ಲಿ ಯಾರ ಮನಸ್ಸಿಗೂ ಹೊಳೆಯಲಿಲ್ಲ. ನೀರಿನ ಪರೀಕ್ಷೆಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ.

1983ರಲ್ಲಿ ಕಲಕತ್ತೆಯ ಉಷ್ಣವಲಯ ವೈದ್ಯಶಾಲೆಯ ಚರ್ಮವೈದ್ಯರಾದ ಡಾಕ್ಟರ್ ಕೆ. ಸಿ. ಸಾಹಾ ಅವರ ಬಳಿಗೆ ಪಶ್ಚಿಮ ಬಂಗಾಲದ ಹಳ್ಳಿಗಳಿಂದ ವಿಚಿತ್ರ ರೋಗಿಗಳು ಬರತೊಡಗಿದರು. ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿಯ ಚುಕ್ಕೆಗಳು. ಅಂಗೈ ಅಂಗಾಲುಗಳಲ್ಲಿ ಆಣಿಗಟ್ಟಿದಂಥ ಗಂಟುಗಳು. ಊರಿನವರು ಇದನ್ನು ಕುಷ್ಠವೆಂದು ಬಗೆದು ರೋಗಿಗಳನ್ನು ದೂರವಿಟ್ಟಿದ್ದರು. ಸಾಹಾ ಅವರು ಇದು ಪಾಷಾಣದ ವಿಷವೆಂದೂ ಅದು ಬಾವಿಯ ನೀರಿನಿಂದ ಬರುತ್ತಿದೆಯೆಂದೂ ಗುರುತಿಸಿದರು. 1988ರಿಂದ ಮುಂದೆ ಜಾದವಪುರ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರಜ್ಞರಾದ ದೀಪಂಕರ ಚಕ್ರವರ್ತಿಯವರು ಹಳ್ಳಿಹಳ್ಳಿಯನ್ನು ಸುತ್ತಿ ಸಾವಿರಾರು ಬಾವಿಗಳ ನೀರನ್ನು ಅಳೆದು, ಕೇಳಲು ಮನಸ್ಸಿಲ್ಲದ ಅಧಿಕಾರಿಗಳಿಗೆ ಲೆಕ್ಕವನ್ನು ಒಪ್ಪಿಸುತ್ತ ಹೋದರು. 2018ರಲ್ಲಿ ತೀರಿಕೊಳ್ಳುವ ವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ. ಬಾಂಗ್ಲಾದೇಶದಲ್ಲಿ ಈ ವಿಷವು ಖಚಿತವಾದುದು 1993ರಲ್ಲಿ. ತರುವಾಯ ಬ್ರಿಟಿಷ್ ಭೂಗರ್ಭ ಸಮೀಕ್ಷಾ ಸಂಸ್ಥೆಯೂ ಅಲ್ಲಿಯ ಸರಕಾರವೂ ಕೂಡಿ 3,534 ಬಾವಿಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ನೂರಕ್ಕೆ 27ರಲ್ಲಿ ಪಾಷಾಣವು ಆ ದೇಶದ ಮೇರೆಯನ್ನು ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2000ನೆಯ ಇಸವಿಯಲ್ಲಿ ಬರೆದ ಆಲನ್ ಸ್ಮಿತ್ ಮೊದಲಾದ ವಿದ್ವಾಂಸರು, ಒಂದು ಜನಸಮುದಾಯಕ್ಕೆ ವಿಷವುಣಿಸಿದ ಪ್ರಸಂಗಗಳಲ್ಲಿ ಚರಿತ್ರೆಯಲ್ಲಿಯೇ ಇದು ಅತಿ ದೊಡ್ಡದೆಂದು ಹೇಳಿ, ಮೂರೂವರೆ ಕೋಟಿಯಿಂದ ಏಳು ಕೋಟಿ ಎಪ್ಪತ್ತು ಲಕ್ಷದ ವರೆಗೆ ಜನರು ಅಪಾಯದಲ್ಲಿರುವರೆಂದು ಅಂದಾಜು ಮಾಡಿದರು.

ಪಾಷಾಣವೆಂಬ ಮಾತು ನಮ್ಮಲ್ಲಿ ಹೊಸತಲ್ಲ. ಚಿತ್ರಗಾರರ ಹರಿತಾಳವೂ ವೈದ್ಯರ ಮನಶ್ಶಿಲೆಯೂ ಇದೇ ಧಾತುವಿನ ಸಂಯುಕ್ತಗಳು. ಶಾಸ್ತ್ರಜ್ಞರು ಇದನ್ನು ಪೂರ್ಣ ಲೋಹವೆಂದು ಒಪ್ಪದೆ ಅರೆಲೋಹವೆನ್ನುತ್ತಾರೆ. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂಗಳ ಸಾಲಿನಲ್ಲಿ ಭಾರಲೋಹವೆಂದೇ ಇದರ ಗಣನೆ ನಡೆಯುತ್ತದೆ. ಕುಡಿಯುವವನಿಗೆ ಈ ಭೇದದಿಂದ ಏನೂ ಲಾಭವಿಲ್ಲ. ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುವವೇ ಹೊರತು ಪಾಷಾಣವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುವುದು. ಚರ್ಮದ ಚಿಹ್ನೆಗಳು ಕಾಣಿಸಿಕೊಳ್ಳಲು ಅನೇಕ ವರ್ಷಗಳು ಬೇಕು. ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಅರ್ಬುದರೋಗವು ಇನ್ನೂ ತಡವಾಗಿ ಬರುವುದು. ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಲೀಟರಿಗೆ 10 ಮೈಕ್ರೋಗ್ರಾಮ್ ಎಂದು ಮೇರೆಯನ್ನು ಗೊತ್ತುಪಡಿಸಿತು. ಅದಕ್ಕೆ ಮುಂಚೆ ಅದು 50 ಆಗಿತ್ತು. ಬಾಂಗ್ಲಾದೇಶವು ಬಹುಕಾಲ ಆ 50ನ್ನೇ ಇಟ್ಟುಕೊಂಡಿತು. ನಮ್ಮ ದೇಶದ ಐ.ಎಸ್. 10500 ಎಂಬ ಮಾನಕದಲ್ಲಿಯೂ ಒಪ್ಪತಕ್ಕ ಪ್ರಮಾಣವು 10 ಮೈಕ್ರೋಗ್ರಾಮೇ. ಇದು ಎಷ್ಟು ಅಲ್ಪವೆಂದರೆ, ಒಂದು ಲಕ್ಷ ಲೀಟರ್ ನೀರಿನಲ್ಲಿ ಒಂದೇ ಒಂದು ಗ್ರಾಮ್ ಕರಗಿಸಿದರೆ ಮೇರೆಯು ಮುಟ್ಟಿತು. ಇಷ್ಟು ಸೂಕ್ಷ್ಮವಾದುದನ್ನು ಅಳೆಯುವುದೇ ಈ ಇಡೀ ಪ್ರಶ್ನೆಯ ತಿರುಳು.

ಈ ಪಾಷಾಣವು ನೆಲದೊಳಗೆ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಯಾವ ಕಾರಖಾನೆಯೂ ಇದನ್ನು ಅಲ್ಲಿ ಸುರಿದುದಲ್ಲ. ಹಿಮಾಲಯದಿಂದ ಸಹಸ್ರಾರು ವರ್ಷಗಳಿಂದ ಹರಿದುಬಂದ ಮೆಕ್ಕಲುಮಣ್ಣಿನಲ್ಲಿ, ಕಬ್ಬಿಣದ ತುಕ್ಕಿನಂಥ ಕಣಗಳಿಗೆ ಇದು ಅಂಟಿಕೊಂಡಿರುತ್ತದೆ. ಗಾಳಿಯಾಡದ ಆಳದಲ್ಲಿ, ಕೊಳೆತ ಸಸ್ಯಾಂಶವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಆ ಕಬ್ಬಿಣವನ್ನು ಕರಗಿಸುವಾಗ ಪಾಷಾಣವೂ ಸಡಿಲವಾಗಿ ನೀರಿಗೆ ಸೇರುವುದು. ಕಣ್ಣಿಗೆ ಕಾಣದ ಜೀವಿಗಳೇ ಈ ಅನರ್ಥದ ಕರ್ತೃಗಳೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು; ಅವುಗಳ ಬಂಧುಗಳೇ ಮುಂದೆ ಸಾಕ್ಷಿ ಹೇಳಲು ಬರುವವು.

ಇದೆಲ್ಲ ವಂಗದೇಶದ ಮಾತಾಯಿತು, ನಮಗೇನೆಂದು ಯಾರೂ ಹೇಳುವ ಹಾಗಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಹೆಸರಿನ ಹಳೆಯ ಚಿನ್ನದ ಗಣಿಯ ಪ್ರದೇಶವಿದೆ (ಕಡಲತೀರದ ಮಂಗಳೂರು ಬೇರೆ). ಅದರ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಇದೇ ದೀಪಂಕರ ಚಕ್ರವರ್ತಿಯವರೂ ಅವರ ಸಹೋದ್ಯೋಗಿಗಳೂ ನಡೆಸಿದ ಶೋಧನೆಯು 2013ರಲ್ಲಿ ಪ್ರಕಟವಾಯಿತು. ಅಲ್ಲಿ 59 ಕೊಳವೆ ಬಾವಿಗಳ ನೀರನ್ನು ನೋಡಿದಾಗ ನೂರಕ್ಕೆ 79ರಲ್ಲಿ ಪಾಷಾಣವು 10 ಮೈಕ್ರೋಗ್ರಾಮಿಗೆ ಮೀರಿತ್ತು. ಅತಿ ಹೆಚ್ಚಿನದು 303. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಅದರ ಗುರುತುಗಳಿದ್ದವು. ಚಿನ್ನವು ಇರುವಲ್ಲಿ ಪಾಷಾಣದ ಅದಿರೂ ಸೇರಿಕೊಂಡಿರುವುದು ಅನೇಕ ಕಡೆಗಳಲ್ಲಿ ಕಂಡ ಸಂಗತಿ. ಗಣಿಯ ಕಸವನ್ನು ಮೇಲೆ ಸುರಿದರೆ ಮಳೆಯು ಅದನ್ನು ಮಣ್ಣಿಗೂ ಮಣ್ಣು ನೀರಿಗೂ ಮುಟ್ಟಿಸುವುದು. ಚಿನ್ನವು ಎಲ್ಲಿಗೋ ಹೋಯಿತು. ಪಾಷಾಣವು ತಾಂಡಾದ ಬಡವರ ಪಾಲಿಗೆ ಉಳಿಯಿತು. ಬೆಂಗಳೂರಿನಲ್ಲಿ ಕುಳಿತು ರಾಜ್ಯವಾಳುವವರು ಈ ಲೆಕ್ಕವನ್ನು ಎಷ್ಟು ಸಾರಿ ಓದಿದ್ದಾರೆಂದು ಕೇಳಲು ನಮಗೆ ಮನಸ್ಸಾಗುತ್ತದೆ.

ಇನ್ನು ಪರೀಕ್ಷೆಯ ವಿಚಾರ. ಪಾಷಾಣವನ್ನು ಹಿಡಿಯುವ ವಿದ್ಯೆಯು ಹುಟ್ಟಿದುದು ನ್ಯಾಯಸ್ಥಾನದಲ್ಲಿ. 1833ರಲ್ಲಿ ಇಂಗ್ಲೆಂಡಿನ ಜಾನ್ ಬಾಡ್ಲ್ ಎಂಬವನು ತನ್ನ ಅಜ್ಜನಿಗೆ ಕಾಫಿಯಲ್ಲಿ ಪಾಷಾಣವನ್ನು ಹಾಕಿ ಕೊಂದನೆಂಬ ಆಪಾದನೆ ಬಂದಿತು. ಜೇಮ್ಸ್ ಮಾರ್ಷ್ ಎಂಬ ರಸಾಯನಜ್ಞನು ಆಗಿನ ಪದ್ಧತಿಯಂತೆ ಪರೀಕ್ಷಿಸಿ ಹಳದಿಯ ಗಷ್ಟನ್ನು ತೋರಿಸಿದನು. ಆದರೆ ಪಂಚಾಯಿತದಾರರ ಮುಂದೆ ಇಡುವ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಆರೋಪಿಯು ಬಿಡುಗಡೆ ಹೊಂದಿ, ಮುಂದೆ ತಾನೇ ಕೊಂದುದೆಂದು ಒಪ್ಪಿಕೊಂಡನು. ಇದರಿಂದ ಸಿಟ್ಟಿಗೆದ್ದ ಮಾರ್ಷನು 1836ರಲ್ಲಿ ಸತುವನ್ನೂ ಆಮ್ಲವನ್ನೂ ಕೂಡಿಸಿ ಪಾಷಾಣವನ್ನು ಅನಿಲವಾಗಿ ಹೊರಡಿಸುವ ಹೊಸ ಕ್ರಮವನ್ನು ಬಳಕೆಗೆ ತಂದನು. ಇಂದಿಗೂ ಹಳ್ಳಿಗಳಲ್ಲಿ ಬಳಸುವ ಪರೀಕ್ಷಾ ಪೆಟ್ಟಿಗೆಗಳು ಇದರ ಸಂತಾನವೇ. ನೀರಿಗೆ ಸತುವಿನ ಪುಡಿಯನ್ನೂ ಆಮ್ಲವನ್ನೂ ಹಾಕಿದರೆ ಏಳುವ ಅನಿಲವು ಪಾದರಸದ ಲವಣವನ್ನು ಸವರಿದ ಕಾಗದವನ್ನು ಹಳದಿ, ಕಂದು ಬಣ್ಣಕ್ಕೆ ತಿರುಗಿಸುವುದು. ಆ ಬಣ್ಣವನ್ನು ಅಚ್ಚಾದ ಪಟ್ಟಿಯೊಡನೆ ಹೋಲಿಸಿ ಕಣ್ಣಳತೆಯಿಂದ ತೀರ್ಪು ಕೊಡಬೇಕು. ಹೊರಡುವ ಅನಿಲವು ವಿಷ, ಕಾಗದದಲ್ಲಿರುವ ಪಾದರಸವು ವಿಷ. ವಿಷವನ್ನು ಹುಡುಕಲು ಹೋದವನು ಎರಡು ವಿಷಗಳನ್ನು ಕೈಯಲ್ಲಿ ಹಿಡಿದಿರುತ್ತಾನೆ.

ಈ ಪೆಟ್ಟಿಗೆಗಳನ್ನೇ ನಂಬಿ ಬಾಂಗ್ಲಾದೇಶದಲ್ಲಿ ಸುಮಾರು ಐವತ್ತು ಲಕ್ಷ ಬಾವಿಗಳನ್ನು ಪರೀಕ್ಷಿಸಿ, ವಿಷದ ಬಾವಿಯ ಬಾಯಿಗೆ ಕೆಂಪು ಬಣ್ಣವನ್ನೂ ಒಳ್ಳೆಯದಕ್ಕೆ ಹಸುರನ್ನೂ ಬಳಿದರು. ಹದಿನಾಲ್ಕು ಲಕ್ಷದಷ್ಟು ಬಾವಿಗಳು ಕೆಂಪಾದವು. ಇಂಥ ಕಾರ್ಯವನ್ನು ಒಂದು ಬಡ ದೇಶವು ಕೆಲವೇ ವರ್ಷಗಳಲ್ಲಿ ಮಾಡಿ ಮುಗಿಸಿದುದು ಪ್ರಶಂಸನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ 2002ರಲ್ಲಿ ಚಕ್ರವರ್ತಿಯವರ ತಂಡವು ಆ ಬಾವಿಗಳಲ್ಲಿ ಕೆಲವನ್ನು ಪ್ರಯೋಗಶಾಲೆಯ ಯಂತ್ರದಿಂದ ಪುನಃ ಅಳೆದು ನೋಡಿದಾಗ, ಕೆಂಪಾಗಬೇಕಾದವುಗಳಲ್ಲಿ ಅನೇಕವು ಹಸುರಾಗಿಯೂ ಹಸುರಾಗಬೇಕಾದವು ಕೆಂಪಾಗಿಯೂ ಇದ್ದುದು ಹೊರಬಿದ್ದಿತು. ಒಳ್ಳೆಯ ಬಾವಿಗೆ ಕೆಂಪು ಬಳಿದರೆ ಒಂದು ಸಂಸಾರವು ದೂರದಿಂದ ನೀರು ಹೊರುವ ಕಷ್ಟಕ್ಕೆ ಈಡಾಗುವುದು. ವಿಷದ ಬಾವಿಗೆ ಹಸುರು ಬಳಿದರೆ ಸರಕಾರವೇ ಕೈಯೆತ್ತಿ ಅಭಯ ಕೊಟ್ಟು ಹತ್ತಾರು ವರ್ಷ ಆ ನೀರನ್ನು ಕುಡಿಸಿದಂತಾಗುವುದು. ಎರಡೂ ತಪ್ಪುಗಳೇ, ಆದರೆ ತೂಕವು ಒಂದೇ ಅಲ್ಲ. ಹಾಗಾದರೆ ಪ್ರಯೋಗಶಾಲೆಯ ಯಂತ್ರವನ್ನೇ ಬಳಸಬಾರದೇಕೆ ಎಂದರೆ, ಅದರ ಬೆಲೆಯು ಲಕ್ಷಗಟ್ಟಲೆ, ಅದಕ್ಕೆ ತರಬೇತಾದ ಜನರು ಬೇಕು, ಎಡೆಬಿಡದ ವಿದ್ಯುತ್ತು ಬೇಕು. ಹಳ್ಳಿಯ ಸೀಸೆಯು ಜಿಲ್ಲೆಯ ಊರಿಗೆ ಹೋಗಿ, ಸರದಿ ಕಾದು, ಕಾಗದವಾಗಿ ತಿರುಗಿ ಬರುವಷ್ಟರಲ್ಲಿ ಎಷ್ಟು ಕೊಡಗಳು ಬರಿದಾಗುವವೆಂಬುದನ್ನು ಅಮಲದಾರರೇ ಲೆಕ್ಕ ಹಾಕಲಿ.

ಇಲ್ಲಿಗೆ ನಮ್ಮ ಪೂರ್ವಿಕರ ಒಂದು ಯುಕ್ತಿಯು ನೆನಪಿಗೆ ಬರುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ಅಂತಃಪುರದ ರಕ್ಷಣೆಯನ್ನು ಹೇಳುವಾಗ, ವಿಷದ ಸನ್ನಿಧಿಯಲ್ಲಿ ಕ್ರೌಂಚಪಕ್ಷಿಯು ಮದವೇರುವುದೆಂದೂ, ಚಕೋರದ ಕಣ್ಣುಗಳು ಬಣ್ಣಗೆಡುವುವೆಂದೂ ಹೇಳಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ರುದ್ರಪಟ್ಟಣದ ಶಾಮಶಾಸ್ತ್ರಿಗಳೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ಸ್ಮರಿಸಬೇಕಾದುದೇ ಸರಿ. ಚಕೋರದ ಕಣ್ಣು ನಿಜವಾಗಿ ಬಣ್ಣಗೆಡುವುದೋ ಇಲ್ಲವೋ ನಾವು ವಾದಿಸಲಾರೆವು. ಅದರ ಹಿಂದಿನ ವಿಚಾರವು ಮಾತ್ರ ಗಟ್ಟಿಯಾದುದು. ಜಡವಸ್ತುವು ತಿಳಿಯದ ವಿಷವನ್ನು ಜೀವವು ತಿಳಿಯುತ್ತದೆ; ಆದ್ದರಿಂದ ಜೀವವನ್ನೇ ಕಾವಲಿಗೆ ಇಡಬೇಕು. ಇಂದಿನ ಶಾಸ್ತ್ರಜ್ಞರು ಬಯೋಸೆನ್ಸರ್ ಎಂದು ಕರೆಯುವುದು, ಕನ್ನಡದಲ್ಲಿ ಜೀವಸಂವೇದಕವೆನ್ನಬಹುದಾದುದು, ಇದೇ ತತ್ತ್ವದ ಮೇಲೆ ನಿಂತಿದೆ. ಜೀವದ ಒಂದು ಅಂಶವನ್ನು, ಅದು ಇಡೀ ಸೂಕ್ಷ್ಮಜೀವಿಯಾಗಿರಲಿ, ಕಿಣ್ವವಾಗಿರಲಿ, ಸಾಕ್ಷಿಯನ್ನಾಗಿಟ್ಟು ಅದರ ಹೇಳಿಕೆಯನ್ನು ಬಣ್ಣ, ಬೆಳಕು, ವಿದ್ಯುತ್ತುಗಳ ರೂಪದಲ್ಲಿ ನಮ್ಮ ಕಣ್ಣಿಗೆ ತರುವ ಉಪಕರಣವದು. 1962ರಲ್ಲಿ ಅಮೆರಿಕೆಯ ಲೀಲೆಂಡ್ ಕ್ಲಾರ್ಕ್ ಎಂಬವರು ರಕ್ತದ ಸಕ್ಕರೆಯನ್ನು ಕಿಣ್ವದಿಂದ ಅಳೆಯುವ ಕ್ರಮವನ್ನು ಸೂಚಿಸಿದುದು ಇದರ ಆದಿ. ಮಧುಮೇಹಿಗಳು ಬೆರಳನ್ನು ಚುಚ್ಚಿ ನೋಡಿಕೊಳ್ಳುವ ಸಣ್ಣ ಯಂತ್ರವು ಅದರದೇ ವಂಶದ್ದು.

ಪಾಷಾಣದ ವಿಷಯದಲ್ಲಿ ಈ ಸಾಕ್ಷಿಯು ಹೇಗೆ ನುಡಿಯುವುದೆಂಬುದು ಕೌತುಕದ ಸಂಗತಿ. ಭೂಮಿಯ ಮೇಲೆ ಸೂಕ್ಷ್ಮಜೀವಿಗಳು ಹುಟ್ಟಿದ ಕಾಲದಿಂದಲೂ ಪಾಷಾಣವು ಅವುಗಳ ಹಗೆ. ಆದ್ದರಿಂದ ನಮ್ಮ ಕರುಳಿನಲ್ಲಿ ವಾಸಿಸುವ ಎಶ್ಚೆರಿಷಿಯ ಕೋಲೈ ಮೊದಲಾದ ಅನೇಕ ಜೀವಿಗಳು, ಒಳಗೆ ಬಂದ ಪಾಷಾಣವನ್ನು ಹೊರಕ್ಕೆ ದೂಡುವ ಒಂದು ಪಂಪನ್ನು ತಯಾರಿಸಿಕೊಳ್ಳುವ ವಿದ್ಯೆಯನ್ನು ಪರಂಪರೆಯಿಂದ ಪಡೆದಿವೆ. ಆದರೆ ಹಗೆಯಿಲ್ಲದಾಗ ಪಂಪನ್ನು ಕಟ್ಟುವುದು ದುಂದು. ಅದಕ್ಕಾಗಿ ಆ ಪಂಪಿನ ವಿಧಿಯನ್ನು ಬರೆದ ಡಿ.ಎನ್.ಎ. ಎಳೆಯ ಮೇಲೆ ಆರ್ಸ್-ಆರ್ ಎಂಬ ಒಂದು ಪ್ರೋಟೀನು, ಭಂಡಾರದ ಬಾಗಿಲಿಗೆ ಅಡ್ಡ ಕುಳಿತ ದ್ವಾರಪಾಲಕನಂತೆ, ಕುಳಿತುಕೊಂಡಿರುತ್ತದೆ. ಪಾಷಾಣದ ಕಣವು ಬಂದು ಇವನ ಕೈಹಿಡಿಯಿತೋ, ಇವನ ಆಕಾರವೇ ಬದಲಾಗಿ ಬಾಗಿಲನ್ನು ಬಿಟ್ಟೇಳುತ್ತಾನೆ. ಬಾಗಿಲು ತೆರೆದು ಪಂಪಿನ ಕೆಲಸವು ಮೊದಲಾಗುವುದು. ಶಾಸ್ತ್ರಜ್ಞರು ಮಾಡಿದ ಚಾತುರ್ಯವಿಷ್ಟೇ: ಈ ಬಾಗಿಲಿನ ಹಿಂದೆ ಪಂಪಿನ ವಿಧಿಯ ಜೊತೆಗೆ, ಇಲ್ಲವೆ ಅದಕ್ಕೆ ಬದಲಾಗಿ, ಬೆಳಕನ್ನು ಕೊಡುವ ವಿಧಿಯನ್ನು ಇಟ್ಟರು. ಸಮುದ್ರದ ಕೆಲವು ಸೂಕ್ಷ್ಮಜೀವಿಗಳೂ ನಮ್ಮ ಮಿಂಚುಹುಳವೂ ಮಿನುಗುವುದು ಇಂಥ ವಿಧಿಯಿಂದಲೇ. ಈಗ ಪಾಷಾಣವು ಬಂದರೆ ದ್ವಾರಪಾಲಕನು ಏಳುವನು, ಜೀವಿಯು ಮಿನುಗುವುದು. ಪಾಷಾಣವು ಹೆಚ್ಚಾದಷ್ಟೂ ಬೆಳಕು ಹೆಚ್ಚು. ಬೆಳಕಿನ ಬದಲು ನೀಲಿ ಬಣ್ಣವನ್ನು ಹುಟ್ಟಿಸುವ ಕಿಣ್ವದ ವಿಧಿಯನ್ನಿಟ್ಟರೆ ಯಂತ್ರವೂ ಬೇಡ, ಬರಿಗಣ್ಣೇ ಸಾಕು.

ಸ್ವಿಟ್ಜರ್ಲೆಂಡಿನ ಯಾನ್ ರೂಲೋಫ್ ವಾನ್ ಡೆರ್ ಮೇರ್ ಮತ್ತು ಅವರ ಸಂಗಡಿಗರು 2003ರಲ್ಲಿ ಇಂಥ ಜೀವಿಗಳನ್ನು ಸಿದ್ಧಪಡಿಸಿ ಲೀಟರಿಗೆ ಸುಮಾರು 4 ಮೈಕ್ರೋಗ್ರಾಮ್ ಪಾಷಾಣವನ್ನೂ ಗುರುತಿಸಬಹುದೆಂದು ತೋರಿಸಿದರು. ಅವರಿಗೆ ಎದುರಾದ ಮೊದಲನೆಯ ತೊಡಕು ದ್ವಾರಪಾಲಕನ ಆಲಸ್ಯ. ವಿಷವಿಲ್ಲದಾಗಲೂ ಅವನು ಆಗೀಗ ಎದ್ದು ಹೋಗುವುದರಿಂದ ಸ್ವಲ್ಪ ಸುಳ್ಳು ಬೆಳಕು ಸೋರುತ್ತಿತ್ತು. ಬಾಗಿಲಿನ ಮುಂದೆ ಎರಡನೆಯ ಕಾವಲಿನ ಸ್ಥಳವನ್ನು ನಿರ್ಮಿಸಿ ಆ ಸೋರಿಕೆಯನ್ನು ತಡೆದರು. ಅದೇ ತಂಡದವರು ಈ ಜೀವಿಗಳನ್ನು ಕಾಗದದ ಪಟ್ಟಿಯ ಮೇಲೆ ಒಣಗಿಸಿಟ್ಟು, ನೀರಿನಲ್ಲಿ ಅದ್ದಿದಾಗ ನೀಲಿಯಾಗುವ ಕ್ರಮವನ್ನೂ ಮಾಡಿದರು. 2005ರಲ್ಲಿ ವಿಯೆಟ್ನಾಮಿನ ಕೆಂಪು ನದಿ, ಮೆಕಾಂಗ್ ನದಿಗಳ ಬಯಲುಗಳಿಂದ ತಂದ 194 ಬಾವಿಗಳ ನೀರಿನ ಮೇಲೆ ಇದರ ಪ್ರಾಮಾಣ್ಯವನ್ನು ಒರೆಹಚ್ಚಲಾಯಿತು. ಹತ್ತು ಮೈಕ್ರೋಗ್ರಾಮಿನ ಮೇರೆಯನ್ನಿಟ್ಟುಕೊಂಡು ಯಂತ್ರದ ಲೆಕ್ಕದೊಡನೆ ಹೋಲಿಸಿದಾಗ, ವಿಷವನ್ನು ವಿಷವಲ್ಲವೆಂದ ತಪ್ಪು ನೂರಕ್ಕೆ 8, ವಿಷವಲ್ಲದುದನ್ನು ವಿಷವೆಂದ ತಪ್ಪು ನೂರಕ್ಕೆ 2.4 ಮಾತ್ರ. ಮುಂದೆ ಜರ್ಮನಿಯ ಲೈಪ್ಸಿಗ್ ನಗರದ ಸಂಶೋಧಕರು ಈ ಜೀವಿಗಳನ್ನು ಮುಚ್ಚಿದ ಸಣ್ಣ ಸೀಸೆಗಳಲ್ಲಿ ಒಣಗಿಸಿಟ್ಟು, ಪಿಚಕಾರಿಯಿಂದ ಬಾವಿಯ ನೀರನ್ನು ಒಳಗೆ ಬಿಟ್ಟು, ಹೊರಡುವ ಬೆಳಕನ್ನು ಕೈಪೆಟ್ಟಿಗೆಯಂಥ ಯಂತ್ರದಿಂದ ಅಳೆಯುವ ಸಾಧನವನ್ನು ಬಾಂಗ್ಲಾದೇಶದ ಹಳ್ಳಿಗಳಲ್ಲಿಯೇ ಪ್ರಯೋಗಿಸಿ 2012ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇನ್ನೊಂದು ಮಾತು ವಿಶೇಷವಾಗಿ ನಮ್ಮ ವಿದ್ಯಾರ್ಥಿಗಳಿಗೆ: 2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಗುಂಪೊಂದು ಪಾಷಾಣವಿದ್ದರೆ ನೀರಿನ ಆಮ್ಲಗುಣವನ್ನೇ ಬದಲಾಯಿಸಿ ಬಣ್ಣದಿಂದ ಸೂಚಿಸುವ ಜೀವಿಯ ಯೋಜನೆಯನ್ನು ಒಂದು ಅಂತಾರಾಷ್ಟ್ರೀಯ ಸ್ಪರ್ಧೆಗಾಗಿ ಮಾಡಿತು. ಪರೀಕ್ಷೆಗೆ ಹೊರತು ಬೇರೆ ಯಾವುದಕ್ಕೂ ಪುಸ್ತಕವನ್ನು ತೆರೆಯದ ನಮ್ಮ ಕಾಲೇಜುಗಳಲ್ಲಿ ಇಂಥದು ಏಕೆ ಹೆಚ್ಚಾಗಿ ನಡೆಯಬಾರದು?

ಪಾಷಾಣವೊಂದಕ್ಕೇ ಈ ವಿದ್ಯೆಯು ಸೀಮಿತವಲ್ಲ. ಪಾದರಸಕ್ಕೆ ಮೆರ್-ಆರ್ ಎಂಬ ಬೇರೆ ದ್ವಾರಪಾಲಕನಿದ್ದಾನೆ. 1993ರಲ್ಲಿಯೇ ಅವನನ್ನು ಬೆಳಕಿನ ವಿಧಿಗೆ ಜೋಡಿಸಿ ಪಾದರಸವನ್ನು ಕಂಡುಹಿಡಿಯುವ ಜೀವಿಗಳನ್ನು ಸಿದ್ಧಗೊಳಿಸಿದ್ದರು. ಸೀಸವು ಬಂದರೆ ತಾನೇ ಒಂದು ಎಳೆಯನ್ನು ಕತ್ತರಿಸಿ ಬೆಳಕನ್ನು ಬಿಡುಗಡೆ ಮಾಡುವ ಡಿ.ಎನ್.ಎ. ತುಣುಕನ್ನು ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದ ಯಿ ಲು ಮತ್ತು ಜಿಂಗ್ ಲಿ ಅವರು 2000ದಲ್ಲಿ ತೋರಿಸಿದರು. ಜಪಾನಿನ ಮಿನಾಮಾಟಾದಲ್ಲಿ ಕಾರಖಾನೆಯ ಪಾದರಸವು ಮೀನುಗಳ ಮೂಲಕ ಜನರ ಮೆದುಳನ್ನು ಕೆಡಿಸಿದ ಕಥೆಯನ್ನು ವಾಚಕರು ಕೇಳಿರಬಹುದು. 1956ರಲ್ಲಿ ಆ ರೋಗವು ಅಧಿಕೃತವಾಗಿ ಗೊತ್ತಾಗುವ ಮುಂಚೆ ಅಲ್ಲಿಯ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತಿದ್ದವು. ಬೆಕ್ಕೂ ಒಂದು ಜೀವಸಂವೇದಕವೇ ಆಗಿತ್ತು. ಅದರ ಸಾಕ್ಷಿಯನ್ನು ಕೇಳುವವರಿರಲಿಲ್ಲ.

ಈ ವಿದ್ಯೆಯಲ್ಲಿ ದೋಷಗಳೇ ಇಲ್ಲವೆಂದು ನಾವು ಹೇಳಿದರೆ ವಾಚಕರಿಗೆ ಮೋಸ ಮಾಡಿದಂತಾದೀತು. ಬಂಗಾಲದ ಬಾವಿನೀರಿನಲ್ಲಿ ಕಬ್ಬಿಣವು ಹೆಚ್ಚು. ನೀರು ಮೇಲೆ ಬಂದು ಗಾಳಿ ತಾಗಿದೊಡನೆ ಆ ಕಬ್ಬಿಣವು ತುಕ್ಕಾಗಿ ಕೆಳಗಿಳಿಯುವಾಗ ಪಾಷಾಣವನ್ನೂ ಎಳೆದುಕೊಂಡು ಹೋಗುವುದು. ಮೇಲಿನ ತಿಳಿಯನ್ನು ಮಾತ್ರ ಪರೀಕ್ಷಿಸಿದರೆ ಜೀವಿಗೆ ವಿಷವು ಕಾಣದು. ಇದಕ್ಕಾಗಿ ನೀರನ್ನು ಮೊದಲು ಆಮ್ಲದಿಂದ ಹದಗೊಳಿಸಬೇಕಾಗುತ್ತದೆ. ಆರ್ಸ್-ಆರ್ ಎಂಬ ದ್ವಾರಪಾಲಕನು ಆಂಟಿಮನಿಗೂ ಎದ್ದು ನಿಲ್ಲುತ್ತಾನೆ. ಕ್ಲೋರಿನ್ ಹಾಕಿದ ನಲ್ಲಿಯ ನೀರು ಸಾಕ್ಷಿಯನ್ನೇ ಕೊಲ್ಲುವುದು. ಸತ್ತ ಸಾಕ್ಷಿಯು ಮಿನುಗದಿದ್ದರೆ ನೀರು ಶುದ್ಧವೆಂದು ಭ್ರಮಿಸುವ ಅಪಾಯವುಂಟು. ಆದ್ದರಿಂದ ಗೊತ್ತಾದ ಪ್ರಮಾಣದ ಪಾಷಾಣವುಳ್ಳ ನೀರನ್ನೂ ಜೊತೆಜೊತೆಗೆ ಪರೀಕ್ಷಿಸಿ ಸಾಕ್ಷಿಯು ಬದುಕಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಕಡ್ಡಾಯ. ಬೆಳಕು ಹೊರಡಲು ಒಂದೆರಡು ತಾಸು ಹಿಡಿಯುತ್ತದೆ. ಚಳಿಯಲ್ಲಿ ಜೀವಿಯು ಮಂದವಾಗುವುದು. ಇವೆಲ್ಲ ತಿದ್ದಬಲ್ಲ ಕುಂದುಗಳೇ.

ತಿದ್ದಲು ಕಠಿಣವಾದುದು ಬೇರೊಂದಿದೆ. ಈ ಜೀವಿಗಳು ಮನುಷ್ಯನು ವಂಶಸೂತ್ರವನ್ನು ತಿದ್ದಿ ಮಾಡಿದವು. ಇವು ಸೀಸೆಯಿಂದ ಹೊರಬಿದ್ದು ಊರ ಕೆರೆಗೆ ಸೇರಿದರೇನು ಗತಿಯೆಂಬ ಪ್ರಶ್ನೆಯು ಯುರೋಪಿನಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ನಮ್ಮ ದೇಶದಲ್ಲಿ ಪರಿಸರ ಸಂರಕ್ಷಣಾ ಶಾಸನದ ಕೆಳಗೆ 1989ರಲ್ಲಿ ಮಾಡಿದ ನಿಬಂಧನೆಗಳ ಪ್ರಕಾರ ಇಂಥ ಜೀವಿಗಳನ್ನು ತಯಾರಿಸುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಬಳಸುವುದಕ್ಕೂ ಅನುಮತಿಯು ಬೇಕು. ಈ ಎಚ್ಚರಿಕೆಯನ್ನು ನಾವು ಹೀಗಳೆಯುವುದಿಲ್ಲ. ಆದರೆ ಎಚ್ಚರಿಕೆಗೂ ನಿದ್ರೆಗೂ ಭೇದವುಂಟು. ಮುಚ್ಚಿದ ಸೀಸೆಯೊಳಗೆ ಎರಡು ತಾಸು ಮಿನುಗಿ ಕ್ರಿಮಿನಾಶಕದಿಂದ ನಾಶವಾಗುವ ಜೀವಿಯನ್ನೂ, ಹೊಲಗಳಲ್ಲಿ ಬಿತ್ತುವ ಬೀಜವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತ ಕುಳಿತರೆ, ಅತ್ತ ತಾಂಡಾದವರ ಕೊಡಕ್ಕೆ ಯಾವ ಅನುಮತಿಯ ಅಡ್ಡಿಯೂ ಇಲ್ಲದೆ ವಿಷವು ತುಂಬುತ್ತಲೇ ಇರುವುದು. ಈ ತೊಡಕನ್ನು ದಾಟುವ ಒಂದು ಉಪಾಯವು ಈಚೆಗೆ ಹೊರಟಿದೆ. ಜೀವಕೋಶವನ್ನೇ ತೆಗೆದುಹಾಕಿ, ಅದರೊಳಗಿನ ದ್ವಾರಪಾಲಕನನ್ನೂ ಬೆಳಕಿನ ಸಾಮಗ್ರಿಯನ್ನೂ ಮಾತ್ರ ಒಣಗಿಸಿ ಸಣ್ಣ ನಳಿಗೆಯಲ್ಲಿಡುವುದು. ಒಂದು ಹನಿ ನೀರು ಬಿದ್ದೊಡನೆ ಸಾಮಗ್ರಿಯು ಎಚ್ಚತ್ತು ಕೆಲಸ ಮಾಡುವುದು. ವಂಶವನ್ನು ಬೆಳೆಸಲು ಅಲ್ಲಿ ಜೀವಿಯೇ ಇಲ್ಲ. ಅಮೆರಿಕೆಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಜೂಲಿಯಸ್ ಲಕ್ಸ್ ಅವರ ತಂಡವು 2020ರಲ್ಲಿ ಇದನ್ನು ಪ್ರಕಟಿಸಿ, ತಾಮ್ರ ಮೊದಲಾದ ಲೋಹಗಳನ್ನು ಗುರುತಿಸಿ ತೋರಿಸಿತು. ರೋಸಲಿಂಡ್ ಎಂದು ಅದಕ್ಕೆ ಹೆಸರು.

ನಮ್ಮ ಅಧಿಕಾರಿಗಳಲ್ಲಿ ಕೆಲವರು, ಪ್ರತಿ ಜಿಲ್ಲೆಗೂ ಪ್ರಯೋಗಶಾಲೆಯುಂಟು, ಹಳ್ಳಿಗರ ಕೈಗೆ ಇಂಥ ಸೂಕ್ಷ್ಮ ಸಾಧನವನ್ನು ಕೊಟ್ಟರೆ ಗೊಂದಲವಾದೀತು, ಸುಳ್ಳು ಸುದ್ದಿ ಹಬ್ಬೀತು ಎನ್ನುವರು. ಈ ಮಾತಿನಲ್ಲಿ ನಮಗೆ ಹಳೆಯ ಸರಕಾರದ ದನಿಯು ಕೇಳಿಸುತ್ತದೆ. ಪ್ರಜೆಗಳಿಗೆ ಸತ್ಯವನ್ನು ತಿಳಿಸಿದರೆ ಅವರು ಗದ್ದಲವೆಬ್ಬಿಸುವರೆಂಬ ಭಯವು ಪರರು ಆಳುವಾಗ ಇರತಕ್ಕುದು. 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯಿಂದ ಐವರನ್ನು, ಅದರಲ್ಲಿಯೂ ಹೆಂಗಸರನ್ನು, ನೀರಿನ ಪರೀಕ್ಷೆಗೆ ತರಬೇತಿಗೊಳಿಸಬೇಕೆಂದು ಕೇಂದ್ರ ಸರಕಾರವೇ ಗೊತ್ತುಪಡಿಸಿತು. ನೀರನ್ನು ಹೊರುವವರ ಕೈಗೇ ಪರೀಕ್ಷೆಯನ್ನು ಕೊಟ್ಟ ಈ ಏರ್ಪಾಟನ್ನು ನಾವು ಮನಸಾರೆ ಒಪ್ಪುತ್ತೇವೆ. ಪಾಷಾಣವುಳ್ಳ ಸೀಮೆಗಳಲ್ಲಿ ಆ ಐವರ ಪೆಟ್ಟಿಗೆಯೊಳಗೆ ಸತುವು, ಆಮ್ಲ, ಪಾದರಸದ ಕಾಗದಗಳಿಗೆ ಬದಲಾಗಿ ಜೀವಸಂವೇದಕದ ನಳಿಗೆಗಳಿದ್ದರೆ, ಮತ್ತು ಸಂದೇಹವಿದ್ದ ಬಾವಿಗಳ ನೀರು ಮಾತ್ರ ಜಿಲ್ಲೆಯ ಯಂತ್ರಕ್ಕೆ ಹೋದರೆ, ಯಂತ್ರದ ಸರದಿಯೂ ಕಿರಿದಾದೀತು. ಇದರಲ್ಲಿ ಸ್ವದೇಶಿಯ ಅನುಕೂಲವೊಂದುಂಟು. ಯಂತ್ರವನ್ನು ಪರದೇಶದಿಂದ ತರಿಸಬೇಕು, ಕೆಟ್ಟರೆ ಅವರೇ ಬಂದು ಸರಿಪಡಿಸಬೇಕು. ಈ ಜೀವಿಯಾದರೋ ತಕ್ಕ ಆಹಾರವನ್ನೂ ಬಿಸುಪನ್ನೂ ಕೊಟ್ಟರೆ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುದು. ಒಂದು ಬಟ್ಟಲು ಬೆಳೆಯಿಂದ ಸಹಸ್ರಾರು ಸೀಸೆಗಳನ್ನು ತುಂಬಬಹುದು. ಕಲಬುರಗಿಯಲ್ಲಿಯೋ ರಾಯಚೂರಿನಲ್ಲಿಯೋ ಒಂದು ವಿಶ್ವವಿದ್ಯಾನಿಲಯದ ಕೋಣೆಯು ಇದಕ್ಕೆ ಸಾಲದೆ? ನಮ್ಮ ಶಾಸನಸಭೆಯ ಸದಸ್ಯರಲ್ಲಿ ಆ ಸೀಮೆಯವರು ಈ ಪ್ರಶ್ನೆಯನ್ನು ಮುಂದಿನ ಅಧಿವೇಶನದಲ್ಲಿ ಎತ್ತುವರೆಂದು ಆಶಿಸುತ್ತೇವೆ.

ಬಾವಿಯಲ್ಲಿ ವಿಷವಿದೆಯೆಂದು ತಿಳಿದ ಮಾತ್ರಕ್ಕೆ ಬಾಯಾರಿಕೆಯು ನಿಲ್ಲುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಬಂಗಾಲದ ನೆಲದಲ್ಲಿ ಒಂದು ವಿಶೇಷವುಂಟು: ಒಂದು ಬಾವಿಯಲ್ಲಿ ವಿಷವಿದ್ದರೂ ನೂರು ಹೆಜ್ಜೆಯಾಚೆಯ ಇನ್ನೊಂದರಲ್ಲಿ ಇಲ್ಲದಿರಬಹುದು. ಆದ್ದರಿಂದಲೇ ಪ್ರತಿಯೊಂದು ಬಾವಿಯ ಪರೀಕ್ಷೆಗೂ ಬೆಲೆಯಿದೆ. ತಿಳಿದವನು ನೆರೆಮನೆಯ ಬಾವಿಗೆ ಹೋಗಬಹುದು. ಢಾಕಾದ ಸಮೀಪದ ಅರೈಹಜಾರ್ ಎಂಬಲ್ಲಿ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದವರು 2000ದಿಂದ ನಡೆಸಿದ ದೀರ್ಘ ಶೋಧನೆಯಲ್ಲಿ, ಬಾವಿಯ ನಿಜಸ್ಥಿತಿಯನ್ನು ತಿಳಿಸಿದ ಮೇಲೆ ಬಹಳ ಸಂಸಾರಗಳು ಬಾವಿಯನ್ನು ಬದಲಾಯಿಸಿದುದು ಕಂಡುಬಂದಿತು. ಅದೇ ಊರುಗಳ ಲೆಕ್ಕದಿಂದ, ಅಲ್ಲಿಯ ಐದು ಮರಣಗಳಲ್ಲಿ ಒಂದು ಮರಣವು ಪಾಷಾಣದ ನೀರಿನ ಫಲವೆಂದು 2010ರಲ್ಲಿ ಅಂದಾಜು ಮಾಡಿದರು. ಎಲ್ಲರೂ ಬದಲಾಯಿಸಲಿಲ್ಲ. ಒಳ್ಳೆಯ ಬಾವಿಯು ದೂರವಿರಬಹುದು, ಅದರ ಯಜಮಾನನೊಡನೆ ವ್ಯಾಜ್ಯವಿರಬಹುದು, ಮನೆಯ ಹೆಣ್ಣುಮಗಳನ್ನು ಬೇರೆ ಕೇರಿಗೆ ಕಳಿಸಲು ಮನಸ್ಸಿಲ್ಲದಿರಬಹುದು. ಕೆಂಪು ಬಾವಿಯ ಮನೆಯೆಂದು ತಿಳಿದರೆ ಹೆಣ್ಣು ತರುವವರೂ ಕೊಡುವವರೂ ಹಿಂಜರಿಯುವರೆಂಬ ಅಂಜಿಕೆಯೂ ಉಂಟು.

ಇದಕ್ಕೆ ಪರಿಹಾರವಾಗಿ ಸರಕಾರವು ಆಳವಾದ ಬಾವಿಗಳನ್ನು ತೋಡಿಸಿಕೊಟ್ಟಿತು. ಪಾಷಾಣವು ಬಹುಮಟ್ಟಿಗೆ ಮೇಲಿನ ಪದರಗಳಲ್ಲಿರುವುದರಿಂದ ಆಳದ ನೀರು ಸಾಮಾನ್ಯವಾಗಿ ಒಳ್ಳೆಯದು. ಆದರೆ ಆ ಬಾವಿಗಳು ಎಲ್ಲಿ ಇಳಿದವು? ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ವರದಿಯು ಇದನ್ನು ವಿವರವಾಗಿ ಹೇಳುತ್ತದೆ. ಬಾವಿಯ ಜಾಗವನ್ನು ಗೊತ್ತುಮಾಡುವುದರಲ್ಲಿ ಸಂಸತ್ಸದಸ್ಯರ ಮಾತಿಗೆ ದೊಡ್ಡ ಪಾಲು ಇತ್ತು. ಅನೇಕ ಬಾವಿಗಳು ಅವರ ಆಪ್ತರ, ಅನುಯಾಯಿಗಳ ಅಂಗಳಗಳಲ್ಲಿ ಬಿದ್ದವು. ವಿಷವು ಹೆಚ್ಚಾಗಿದ್ದ ಊರುಗಳು ಹಾಗೆಯೇ ಉಳಿದವು. ಓದುವಾಗ ನಮಗೆ ಇದು ಪರದೇಶದ ಸುದ್ದಿಯೆಂದು ತೋರಲೇ ಇಲ್ಲ. ಅದೇ ವರದಿಯ ಹೊತ್ತಿಗೆ, ಹತ್ತು ಹದಿನೈದು ವರ್ಷಗಳ ಹಿಂದೆ ಬಳಿದಿದ್ದ ಕೆಂಪು ಬಣ್ಣವು ಮಳೆಬಿಸಿಲುಗಳಿಗೆ ಸವೆದು ಎಷ್ಟೋ ಬಾವಿಗಳ ಬಾಯಿಂದ ಅಳಿಸಿಹೋಗಿತ್ತು. ಪರೀಕ್ಷೆಯ ಕಾಲದಲ್ಲಿ ಹುಟ್ಟಿರದ ಮಕ್ಕಳು ಅದೇ ಪಂಪನ್ನು ಒತ್ತಿ ನೀರು ಕುಡಿಯುತ್ತಿದ್ದರು.